‘ಆಳು’ ಬೇಡ ಅಂದದ್ದೇಕೆ? ಇಷ್ಟವಿಲ್ಲದ ಪದಗಳ ಬಗ್ಗೆ ಒಂದು ಪಾಠ



ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಸಹಾಯವಾಗಲಿ ಅಂತ ನಮ್ಮ ಸಂಘದ ಕೆಲವರು ಸೇರಿ ಡಿಜಿಟಲ್ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆಯಲು ಕೂತಿದ್ದೆವು. ಗೇಟುಗಳು, ಆಡರ್, ಮಲ್ಟಿಪ್ಲೆಕ್ಸರ್ ಎಲ್ಲ ಸಲೀಸಾಗಿ ಮುಗಿದವು. ಸಿಕ್ಕಿಹಾಕಿಕೊಂಡಿದ್ದು ಮಾಸ್ಟರ್-ಸ್ಲೇವ್ ಜೆಕೆ ಫ್ಲಿಪ್-ಫ್ಲಾಪ್ ಹತ್ತಿರ. “ಒಡೆಯ-ಆಳು ಅಂತ ಹಾಕಿಬಿಡೋಣ. ಚಿಕ್ಕದಾಗಿದೆ, ಅಚ್ಚ ಕನ್ನಡ” ಅಂದರು ಒಬ್ಬರು. ಬೋರ್ಡಿನ ಮೇಲೆ ಬರೆದೂ ಆಯಿತು.

ಮೂಲೆಯಲ್ಲಿ ಸರ್ಕ್ಯೂಟ್ ಚಿತ್ರ ಬಿಡಿಸುತ್ತಿದ್ದ ಗೆಳೆಯ ತಲೆ ಎತ್ತಿ ನೋಡಿದ. “ಆಳು ಅಂತ ಬೇಡ ಮಗಾ” ಅಂದ.

“ಯಾಕೋ, ಚೆನ್ನಾಗೇ ಇದ್ಯಲ್ಲ?”

“ನಮ್ ತಾತ ಜೀತಕ್ಕಿದ್ದೋರು. ಊರಲ್ಲಿ ಅವ್ರನ್ನ ಯಾರೂ ಹೆಸರು ಹಿಡಿದು ಕರೀತಿರ್ಲಿಲ್ಲ. ದೊಡ್ಮನೆ ಆಳು, ಅಷ್ಟೇ. ಅದನ್ನ ನಾನು ಬರೆಯಲ್ಲ.”

“ಮತ್ತೆ ಇಷ್ಟು ದಿನ ರೆಕಾರ್ಡಲ್ಲಿ ಸ್ಲೇವ್ ಅಂತ ಬರೀವಾಗ ಏನೂ ಅನ್ನಿಸ್ಲಿಲ್ವಾ?”

“ಇಲ್ಲ. ಅದು ಬರೀ ಇಂಗ್ಲಿಷು. ಒಂದು ಹೆಸರು ಅನ್ಕೊಂಡಿದ್ದೆ.”

ಅವತ್ತು ಟಿಪ್ಪಣಿ ಮುಂದೆ ಹೋಗಲಿಲ್ಲ. ಅರ್ಥ ಒಂದೇ ಆದರೂ ಒಂದು ಭಾಷೆಯಲ್ಲಿ ಸುಮ್ಮನೆ ದಾಟಿಹೋಗುವ ಪದ ಇನ್ನೊಂದರಲ್ಲಿ ಯಾಕೆ ಚುಚ್ಚುತ್ತದೆ? ಕೆಲವು ಪದ ನಮಗೆ ಇಷ್ಟವಾಗುವುದಿಲ್ಲ ಅಂದಾಗ ಇಷ್ಟವಾಗದೇ ಇರುವುದು ನಿಜಕ್ಕೂ ಏನು? ಆಮೇಲೆ ನಾವು ಓದಿಕೊಂಡಿದ್ದು, ಮಾತಾಡಿಕೊಂಡಿದ್ದು ಎಲ್ಲ ಸೇರಿ ಈ ಪಾಠವಾಗಿದೆ.

1. ತಪ್ಪು ಸದ್ದಿನದಾ?

ಇಷ್ಟವಿಲ್ಲದ ಪದ ಹೇಳಿ ಅಂದರೆ ನಮ್ಮಲ್ಲಿ ಹೆಚ್ಚಿನವರ ಬಾಯಿಗೆ ಮೊದಲು ಬರುವುದು ಗೊಣ್ಣೆ, ಲೋಳೆ, ಕೀವು, ಜೊಲ್ಲು ಇಂಥವು. “ಆ ಸದ್ದೇ ಒಂಥರಾ ಗಲೀಜು” ಅಂತ ಕಾರಣವನ್ನೂ ಕೊಡುತ್ತೇವೆ. ಇಂಗ್ಲಿಷಿನವರಿಗೂ ಇಂಥ ಒಂದು ಪದವಿದೆ: ‘ಮಾಯ್ಸ್ಟ್’. ಒದ್ದೆ, ತೇವ ಅಂತ ಅರ್ಥ. ಅಮೆರಿಕದ ಓಬರ್ಲಿನ್ ಕಾಲೇಜಿನ ಮನಶ್ಶಾಸ್ತ್ರಜ್ಞ ಪಾಲ್ ಥಿಬೋಡೋ ಈ ಒಂದು ಪದದ ಮೇಲೆ ಐದು ಪ್ರಯೋಗ ಮಾಡಿ 2016ರಲ್ಲಿ ಪ್ರಬಂಧ ಪ್ರಕಟಿಸಿದರು. ಸುಮಾರು 10ರಿಂದ 20 ಶೇಕಡಾ ಜನಕ್ಕೆ ಆ ಪದ ಕಂಡರೆ ಆಗುವುದಿಲ್ಲ ಅಂತ ಕಂಡುಬಂತು. ಅವರಲ್ಲಿ ಅನೇಕರು ದೂರಿದ್ದು ಸದ್ದನ್ನು. ಆದರೆ ಪ್ರಯೋಗಗಳು ಬೊಟ್ಟು ಮಾಡಿದ್ದು ಅರ್ಥದ ಕಡೆಗೆ. ಮೈಯಿಂದ ಬರುವ ಅಸಹ್ಯದ ದ್ರವಗಳ ನೆನಪು ಆ ಪದಕ್ಕೆ ಅಂಟಿಕೊಂಡಿರುವುದೇ ಮುಖ್ಯ ಕಾರಣವಂತೆ. ಅದೇ ಸದ್ದಿನ ‘ಹಾಯ್ಸ್ಟ್’ ಅನ್ನು ಮೆಕ್ಯಾನಿಕಲ್‌ನವರು ದಿನಾ ಹೇಳುತ್ತಾರೆ, ಯಾರೂ ಮುಖ ಸಿಂಡರಿಸುವುದಿಲ್ಲ.

ಕನ್ನಡದಲ್ಲಿ ಈ ಪರೀಕ್ಷೆ ಇನ್ನೂ ಸುಲಭ. ಗೊಣ್ಣೆ ಅಂದರೆ ಮುಖ ಕಿವುಚುವವರು ಬೆಣ್ಣೆ ಅಂದಾಗ ದೋಸೆ ನೆನೆಸಿಕೊಳ್ಳುತ್ತಾರೆ. ಎರಡರಲ್ಲೂ ಇರುವುದು ಅದೇ ‘ಣ್ಣೆ’. ಕೀವು ಕೆಟ್ಟದ್ದು, ಹಸುವಿನ ಮೇವು ಒಳ್ಳೆಯದು. ಲೋಳೆ ಬೇಡ ಅನ್ನುವವರೇ ಲೋಳೆಸರವನ್ನು ಮುಖಕ್ಕೆ ಹಚ್ಚಿಕೊಂಡು ಮಲಗುತ್ತಾರೆ. ಅಂದರೆ ಕಿರಿಕಿರಿ ಇರುವುದು ಅಕ್ಷರದಲ್ಲಲ್ಲ, ಅಕ್ಷರ ಕೈಹಿಡಿದು ಕರೆತರುವ ವಸ್ತುವಿನಲ್ಲಿ.

ನಮ್ಮ ಗೆಳೆಯ ಬೇಡ ಅಂದ ಪದ ಇದಕ್ಕೆ ಇನ್ನೂ ಒಳ್ಳೆಯ ಪುರಾವೆ. ‘ಆಳು’ ನಾಮಪದವಾದರೆ ಸೇವಕ, ಕ್ರಿಯಾಪದವಾದರೆ ರಾಜ್ಯಭಾರ ಮಾಡು. ಕದಂಬರು ಆಳಿದರು ಅಂತ ಪಾಠದಲ್ಲಿ ಓದುವಾಗ ಯಾರಿಗೂ ಏನೂ ಅನ್ನಿಸುವುದಿಲ್ಲ. ಸದ್ದು ಒಂದೇ, ಒಂದು ಸಿಂಹಾಸನದ ಮೇಲೆ, ಇನ್ನೊಂದು ಕೊಟ್ಟಿಗೆಯಲ್ಲಿ.

2. ಹೆದರಿಕೆಯಿಂದ ಬಿಟ್ಟ ಪದ

ಎರಡನೇ ಗುಂಪಿನ ಪದಗಳು ಮನೆಯಲ್ಲಿ ಸಿಗುತ್ತವೆ. ದೇವರ ಮನೆಯ ದೀಪವನ್ನು ‘ಆರಿಸು’ ಅಂದರೆ ಅಜ್ಜಿ ಗದರುತ್ತಾರೆ, ‘ದೀಪ ದೊಡ್ಡದು ಮಾಡು’ ಅಥವಾ ‘ಶಾಂತ ಮಾಡು’ ಅನ್ನಬೇಕು. ರಾತ್ರಿ ಹೊತ್ತು ಹಾವನ್ನು ಹಾವು ಅನ್ನದೆ ‘ಹುಳ’ ಅನ್ನುವ ಮನೆಗಳಿವೆ. ಹಾಸ್ಟೆಲಿಗೆ ಹೊರಟವರು ‘ಹೋಗ್ತೀನಿ’ ಅಂದರೆ ಅಮ್ಮ ಬಾಗಿಲಲ್ಲೇ ತಡೆದು ‘ಹೋಗಿ ಬರ್ತೀನಿ ಅನ್ನು’ ಅಂತ ತಿದ್ದುತ್ತಾರೆ.

ಇಲ್ಲಿ ಅಸಹ್ಯವಿಲ್ಲ, ಇರುವುದು ಭಯ. ಹೆಸರು ಹೇಳಿದರೆ ಅದು ನಡೆದೇಬಿಡುತ್ತದೋ ಅನ್ನುವ ಅಳುಕು. ಇದನ್ನು ಮೂಢನಂಬಿಕೆ ಅಂತ ವಾದ ಮಾಡಬಹುದು, ಮಾಡಿದ್ದೇವೆ ಕೂಡ. ಆದರೆ ‘ಹೋಗಿ ಬರ್ತೀನಿ’ ಅನ್ನಲು ಖರ್ಚೇನೂ ಇಲ್ಲ, ಅಮ್ಮನಿಗೆ ಅಷ್ಟು ಸಮಾಧಾನ.

3. ಹೊಸದು ಅನ್ನುವ ಕಾರಣಕ್ಕೆ ಕಿರಿಕಿರಿ

ನಮ್ಮ ಕ್ಯಾಂಪಸ್ಸಿನಲ್ಲಿ ಅತಿ ಹೆಚ್ಚು ನಗೆಪಾಟಲಾಗುವ ಪದಗಳು ಇವು: ಗಣಕಯಂತ್ರ, ತಂತ್ರಾಂಶ, ಮಿಂಚಂಚೆ. “ಗುರು, ಲ್ಯಾಪ್‌ಟಾಪ್ ಅಂದ್ರೆ ಸಾಲದಾ?” ಅಂತ ಕೇಳುವವರು ನಮ್ಮ ಸಂಘದ ಒಳಗೇ ಇದ್ದಾರೆ. ಈ ತಕರಾರಿನಲ್ಲಿ ಅರ್ಧ ಸತ್ಯವಿದೆ. ಉದ್ದದ ಸಂಸ್ಕೃತ ಸಮಾಸ ನಾಲಿಗೆಗೆ ಭಾರ, ಮತ್ತು ಎಲ್ಲರ ಬಾಯಲ್ಲೂ ಆಗಲೇ ಒಂದು ಪದ ಕೂತಿರುವಾಗ ಅದನ್ನು ಎಬ್ಬಿಸುವುದು ಕಷ್ಟ.

ಉಳಿದರ್ಧ ಬರೀ ಅಭ್ಯಾಸದ ಪ್ರಶ್ನೆ. 1935ರಲ್ಲಿ ಮೈಸೂರಿನಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಖಾಸಗಿ ರೇಡಿಯೋ ಕೇಂದ್ರ ಶುರುಮಾಡಿದರು. ಅದರ ಜೊತೆ ಬೆಳೆದ ಹೆಸರು ‘ಆಕಾಶವಾಣಿ’. 1950ರ ದಶಕದಲ್ಲಿ ಇಡೀ ದೇಶದ ರೇಡಿಯೋ ಅದೇ ಹೆಸರನ್ನು ತೆಗೆದುಕೊಂಡಿತು. ಪುರಾಣದಿಂದ ಎತ್ತಿದ ಇಷ್ಟು ಭಾರದ ಪದ ಇವತ್ತು ಯಾರಿಗೂ ನಗು ತರಿಸುವುದಿಲ್ಲ. ದಿನಾ ಬೆಳಗ್ಗೆ ಕೇಳಿ ಕೇಳಿ ಒಗ್ಗಿಹೋಯಿತು. ಹಾಗಾಗಿ ಈ ಗುಂಪಿನ ಪದಗಳಿಗೆ ಕಾಲವೇ ಪರೀಕ್ಷಕ. ಬಳಸಿದರೆ ಉಳಿಯುತ್ತವೆ, ಇಲ್ಲವಾದರೆ ಬಿದ್ದುಹೋಗುತ್ತವೆ. ಯಾರಿಗೂ ನೋವಿಲ್ಲ.

4. ನೋಯಿಸಲು ಬಳಸಿದ ಪದ

ಗೆಳೆಯ ಬೇಡ ಅಂದ ‘ಆಳು’ ಈ ಮೂರೂ ಗುಂಪಿಗೆ ಸೇರುವುದಿಲ್ಲ. ಅದು ಅಸಹ್ಯದ್ದಲ್ಲ, ಭಯದ್ದಲ್ಲ, ಹೊಸದಂತೂ ಅಲ್ಲವೇ ಅಲ್ಲ. ಅದು ಒಬ್ಬರನ್ನು ಕೆಳಗೆ ಇಡಲು ದಿನಾ ಬಳಕೆಯಾದ ಪದ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ನಮ್ಮ ಅಪ್ಪ-ಅಮ್ಮಂದಿರಲ್ಲಿ ಹಲವರು ಆಗ ಮಕ್ಕಳು. ಅಂದರೆ ಇದು ಇತಿಹಾಸ ಪುಸ್ತಕದ ಹಳೇ ಸಂಗತಿಯಲ್ಲ, ಎರಡು ತಲೆಮಾರಿನ ಹಿಂದಿನದು. ‘ಸ್ಲೇವ್’ ಅನ್ನುವ ಇಂಗ್ಲಿಷ್ ಪದಕ್ಕೆ ನಮ್ಮ ಗೆಳೆಯನ ಮನೆಯಲ್ಲಿ ನೆನಪಿಲ್ಲ, ‘ಆಳು’ಗೆ ಇದೆ. ಅಮೆರಿಕದಲ್ಲಿ ಗುಲಾಮರಾಗಿದ್ದವರ ಮೊಮ್ಮಕ್ಕಳ ಮಕ್ಕಳಿಗೆ ಇದು ತಿರುಗುಮುರುಗು. ನಾವು ಬರೀ ಹೆಸರು ಅಂದುಕೊಂಡು ರೆಕಾರ್ಡಿನಲ್ಲಿ ಬರೆದ ಪದ ಅವರಿಗೆ ‘ಆಳು’ವಿಗಿಂತ ಹತ್ತುಪಟ್ಟು ಕಹಿ.

ಈ ಮಾತು ನಮ್ಮ ಕ್ಷೇತ್ರದಲ್ಲಿ ಆಗಲೇ ಬಂದುಹೋಗಿದೆ. 2003ರಲ್ಲೇ ಲಾಸ್ ಏಂಜಲೀಸ್ ಕೌಂಟಿ ಆಡಳಿತ ತನಗೆ ಉಪಕರಣ ಪೂರೈಸುವವರಿಗೆ ಮಾಸ್ಟರ್-ಸ್ಲೇವ್ ಅನ್ನುವ ಚೀಟಿ ಅಂಟಿಸಬೇಡಿ ಅಂತ ಕೇಳಿಕೊಂಡಿತ್ತು. 2018ರಲ್ಲಿ ರೆಡಿಸ್ ಡೇಟಾಬೇಸ್ ‘ರೆಪ್ಲಿಕಾ’ ಅನ್ನುವ ಪದಕ್ಕೆ ಹೊರಳಿತು. 2020ರ ಅಕ್ಟೋಬರಿನಿಂದ ಗಿಟ್‌ಹಬ್‌ನಲ್ಲಿ ಹೊಸ ರೆಪಾಸಿಟರಿ ತೆರೆದರೆ ಬರುವ ಬ್ರಾಂಚಿನ ಹೆಸರು ‘ಮಾಸ್ಟರ್’ ಅಲ್ಲ, ‘ಮೇನ್’. 2021ರಲ್ಲಿ ಎನ್‌ಎಕ್ಸ್‌ಪಿ ಕಂಪನಿ ಐ2ಸಿ ಬಸ್ಸಿನ ಕೈಪಿಡಿಯನ್ನು ಪರಿಷ್ಕರಿಸಿ ‘ಕಂಟ್ರೋಲರ್’ ಮತ್ತು ‘ಟಾರ್ಗೆಟ್’ ಅಂತ ಬದಲಿಸಿತು. ಹಳೇ ಪಠ್ಯಪುಸ್ತಕಗಳಲ್ಲಿ ಮಾತ್ರ ಹಳೇ ಜೋಡಿಯೇ ಇದೆ.

5. “ಪದ ಬದಲಾಯಿಸಿದ್ರೆ ಏನ್ ಬದಲಾಗುತ್ತೆ?”

ನಮ್ಮ ಚರ್ಚೆಯಲ್ಲಿ ಈ ಪ್ರಶ್ನೆ ಜೋರಾಗೇ ಬಂತು. ಸುಮ್ಮನೆ ತಳ್ಳಿಹಾಕುವ ಪ್ರಶ್ನೆ ಅಲ್ಲ. ಒಂದು ಉದಾಹರಣೆ ನೋಡಿ. ಬ್ರಿಟಿಷರ ಕಾಲದ 1912ರ ಕಾಯ್ದೆಯ ಹೆಸರಲ್ಲೇ ‘ಲೂನಸಿ’, ಅಂದರೆ ಹುಚ್ಚು, ಅಂತ ಇತ್ತು. 1987ರಲ್ಲಿ ಅದು ಹೋಗಿ ‘ಮೆಂಟಲ್ ಹೆಲ್ತ್’ ಕಾಯ್ದೆ ಬಂತು. ಆದರೆ ಆ ಶುಭ್ರವಾದ ‘ಮೆಂಟಲ್’ ಇವತ್ತು ನಮ್ಮ ಕ್ಯಾಂಟೀನಿನಲ್ಲಿ ಏನಾಗಿದೆ? “ಲೇ ಮೆಂಟಲ್” ಅಂತ ಬೈಗುಳ. ಜನರ ನೋಟ ಬದಲಾಗದಿದ್ದರೆ ಹೊಸ ಪದವೂ ಹಳೇ ಕೊಳೆಯನ್ನೇ ಹೊದ್ದುಕೊಳ್ಳುತ್ತದೆ.

ಒಳ್ಳೆಯ ಮನಸ್ಸಿನಿಂದ ಕೊಟ್ಟ ಪದವೂ ಎಡವಬಹುದು. ‘ಅಂಗವಿಕಲ’ ಒರಟು ಅಂತ ‘ವಿಕಲಚೇತನ’ ತಂದರು, ಸರ್ಕಾರಿ ಇಲಾಖೆಯ ಹೆಸರಲ್ಲೂ ಅದೇ ಇದೆ. ಬಿಡಿಸಿ ಓದಿ: ಅಂಗಕ್ಕಿದ್ದ ಕೊರತೆ ಈಗ ಚೇತನಕ್ಕೇ ಬಂದು ಕೂತಿದೆ! 2015ರಲ್ಲಿ ಪ್ರಧಾನಿ ‘ದಿವ್ಯಾಂಗ’ ಅನ್ನುವ ಪದ ಮುಂದಿಟ್ಟಾಗ ಅಂಗವಿಕಲರ ಹಕ್ಕುಗಳಿಗಾಗಿ ದುಡಿಯುವ ಹಲವು ಸಂಘಟನೆಗಳು ಒಪ್ಪಲಿಲ್ಲ. ದೈವತ್ವ ಅಂಟಿಸಿದರೆ ಹಕ್ಕು ಸಿಕ್ಕಂತಾಗುವುದಿಲ್ಲ ಅನ್ನುವುದು ಅವರ ತಕರಾರಾಗಿತ್ತು. ಇದಕ್ಕೂ ಹಿಂದೆ ಗಾಂಧೀಜಿ ಪ್ರಚಾರಕ್ಕೆ ತಂದ ‘ಹರಿಜನ’ ಪದವನ್ನು ಅಂಬೇಡ್ಕರ್ ಒಪ್ಪಿರಲಿಲ್ಲ. 1982ರಲ್ಲಿ ಕೇಂದ್ರ ಸರ್ಕಾರವೇ ಜಾತಿ ಪ್ರಮಾಣಪತ್ರಗಳಲ್ಲಿ ಆ ಪದ ಬೇಡ ಅಂತ ರಾಜ್ಯಗಳಿಗೆ ಸೂಚಿಸಿತು. ‘ದಲಿತ’ ಅನ್ನುವ ಪದದಲ್ಲಿ ಸಿಹಿ ಏನೂ ಇಲ್ಲ, ತುಳಿತಕ್ಕೊಳಗಾದವರು ಅಂತ ನೇರವಾಗಿ ಹೇಳುತ್ತದೆ. ಆದರೂ 1970ರ ದಶಕದಲ್ಲಿ ಕರ್ನಾಟಕದಲ್ಲಿ ಹುಟ್ಟಿದ ಸಂಘಟನೆ ತನ್ನ ಹೆಸರನ್ನು ‘ದಲಿತ ಸಂಘರ್ಷ ಸಮಿತಿ’ ಅಂತಲೇ ಇಟ್ಟುಕೊಂಡಿತು. ಒಂದು ಹೆಸರು ಬೇರೆಯವರು ಕೊಟ್ಟದ್ದು, ಇನ್ನೊಂದು ತಾವೇ ಆರಿಸಿಕೊಂಡದ್ದು.

ಹಾಗಾಗಿ ನಾವು ಬಂದು ಮುಟ್ಟಿದ ತೀರ್ಮಾನ ಇಷ್ಟು. ಪದ ಬದಲಾಯಿಸಿದ ಮಾತ್ರಕ್ಕೆ ಜಗತ್ತು ಬದಲಾಗುವುದಿಲ್ಲ, ನಿಜ. ಆದರೆ ಒಂದು ಪದ ಯಾರ ಮೇಲೆ ಬಿದ್ದಿದೆಯೋ ಅವರು ಬೇಡ ಅಂದಾಗ ಬಿಡುವುದಕ್ಕೆ ಜಗತ್ತು ಬದಲಾಗುವವರೆಗೆ ಕಾಯಬೇಕಿಲ್ಲ. ಬದಲಿಗೆ ಏನು ಅಂತ ನಿರ್ಧರಿಸುವ ಮುಂಚೆಯೂ ಅವರನ್ನೇ ಕೇಳಬೇಕು.

6. ಟಿಪ್ಪಣಿಯಲ್ಲಿ ಏನು ಬರೆದೆವು?

ಕೇಳಿದೆವು. “ಮುಂದಾಳು-ಹಿಂಬಾಲಕ?” ಅಂತ ಒಬ್ಬರು ಹೇಳಿ, “ಅಯ್ಯೋ, ಮುಂದಾಳಲ್ಲೂ ಆಳು ಇದ್ಯಲ್ಲ” ಅಂತ ತಾವೇ ನಾಲಿಗೆ ಕಚ್ಚಿಕೊಂಡರು. ಗೆಳೆಯ ನಕ್ಕ. “ಅದು ಪರ್ವಾಗಿಲ್ಲ ಬಿಡು, ಮುಂದಾಳು ಅಂತ ಯಾರೂ ಬೈದಿಲ್ಲ” ಅಂದ. ಆಮೇಲೆ ಅವನೇ ಬೋರ್ಡಿನ ಹತ್ತಿರ ಹೋಗಿ, “ಅದು ಮಾಡೋ ಕೆಲಸಾನೇ ಬರೆಯೋಣ” ಅಂದ.

ಕೆಲಸ ಏನು? ಈ ಫ್ಲಿಪ್-ಫ್ಲಾಪಿನಲ್ಲಿ ಎರಡು ಲ್ಯಾಚ್ ಇರುತ್ತವೆ. ಕ್ಲಾಕ್ 1 ಇದ್ದಾಗ ಮೊದಲನೆಯದು ಇನ್‌ಪುಟ್ ನೋಡಿ ಬದಲಾಗುತ್ತದೆ, ಎರಡನೆಯದು ಸುಮ್ಮನಿರುತ್ತದೆ. ಕ್ಲಾಕ್ 0 ಆದಾಗ ಮೊದಲನೆಯದು ಸುಮ್ಮನಾಗಿ, ಅದು ಹಿಡಿದಿಟ್ಟ ಬೆಲೆಯನ್ನು ಎರಡನೆಯದು ತೆಗೆದುಕೊಳ್ಳುತ್ತದೆ. ಇಬ್ಬರೂ ಒಟ್ಟಿಗೆ ಓಡದೇ ಇರುವುದರಿಂದಲೇ ರೇಸ್-ಅರೌಂಡ್ ತೊಂದರೆ ತಪ್ಪುವುದು. ಹಾಗಾಗಿ ‘ಮೊದಲ ಲ್ಯಾಚ್’ ಮತ್ತು ‘ಹಿಂಬಾಲಿಸುವ ಲ್ಯಾಚ್’ ಅಂತ ಬರೆದೆವು. ಇದನ್ನು ಓದಿದವರಿಗೆ ಯಾವುದು ಮೊದಲು, ಯಾವುದು ಆಮೇಲೆ ಅಂತ ಹೆಸರಲ್ಲೇ ಗೊತ್ತಾಗುತ್ತದೆ. ಒಡೆಯ-ಆಳು ಅಂದಿದ್ದರೆ ಅದು ಗೊತ್ತಾಗುತ್ತಿರಲಿಲ್ಲ.

ಪರೀಕ್ಷೆಯಲ್ಲಿ ಪ್ರಶ್ನೆ ಇನ್ನೂ ಹಳೇ ಹೆಸರಲ್ಲೇ ಬರುತ್ತದೆ. ಅದಕ್ಕೇ ಪಾಠದ ಮೊದಲ ಸಾಲಿನಲ್ಲಿ ಒಂದು ಸಲ ಆ ಹೆಸರನ್ನೂ ಕೊಟ್ಟಿದ್ದೇವೆ. ಅಂಕ ಕಳೆದುಕೊಳ್ಳುವುದು ಬೇಡ.

ಮಾಡಿ ನೋಡಿ

ನಿಮಗೆ ಇಷ್ಟವಿಲ್ಲದ ಐದು ಪದ ಬರೆದುಕೊಳ್ಳಿ. ಪ್ರತಿಯೊಂದಕ್ಕೂ ಈ ನಾಲ್ಕು ಪ್ರಶ್ನೆ ಕೇಳಿ:

1. ಅದೇ ಸದ್ದಿನ ಬೇರೆ ಪದವೂ ಕಿರಿಕಿರಿ ಮಾಡುತ್ತಾ?
2. ಆ ಪದ ಹೇಳಿದರೆ ಏನಾದರೂ ಕೆಟ್ಟದಾಗುತ್ತೆ ಅನ್ನುವ ಭಯವಾ?
3. ಹೊಸದು, ಕೇಳಿ ಅಭ್ಯಾಸವಿಲ್ಲ ಅನ್ನುವುದಷ್ಟೇ ಕಾರಣವಾ?
4. ಯಾರಾದರೂ ಯಾರನ್ನಾದರೂ ಕೆಳಗಿಡಲು ಅದನ್ನು ಬಳಸಿದ್ದರಾ?

ಮೊದಲ ಮೂರಕ್ಕೆ ಹೌದು ಅಂದರೆ ನಗಬಹುದು, ಕಾಯಬಹುದು, ಒಗ್ಗಿಕೊಳ್ಳಬಹುದು. ನಾಲ್ಕನೆಯದಕ್ಕೆ ಹೌದು ಅಂದರೆ ಇನ್ನೊಂದು ಕೆಲಸ ಮಾಡಿ. ನಿಮ್ಮ ರೂಮ್‌ಮೇಟ್, ಬೆಂಚ್‌ಮೇಟ್ ಬಳಿ ಅವರ ಪಟ್ಟಿಯನ್ನೂ ಕೇಳಿ. ನಾವು ಸಲೀಸಾಗಿ ಆಡುವ ಯಾವುದೋ ಒಂದು ಪದ ಅದರಲ್ಲಿ ಸಿಗಬಹುದು. ನಮಗಂತೂ ಸಿಕ್ಕಿತು, ಅದೂ ಬೋರ್ಡಿನ ಮೇಲೆ ಬರೆದು ಮುಗಿಸಿದ ಮೇಲೆ.