ಬೀಳುತ್ತಿದ್ದರೂ ನೆಲ ಮುಟ್ಟದ ಉಪಗ್ರಹ

ಜಗಳೂರು ಸೀಮೆಯ ಸೊಕ್ಕೆ ಗ್ರಾಮದ ಬಾಲಿಕೆಯೊಬ್ಬಳು ಹಿಂದೊಮ್ಮೆ ತರಗತಿಯಲ್ಲಿ, “ಮೇಲಕ್ಕೆಸೆದ ಕಲ್ಲು ಕೆಳಕ್ಕೆ ಬೀಳುವುದಷ್ಟೆ; ಉಪಗ್ರಹವೇಕೆ ಬೀಳದು?” ಎಂದು ಕೇಳಿದಳು. ಅಷ್ಟು ಎತ್ತರದಲ್ಲಿ ಭೂಮಿಯ ಸೆಳೆತವಿಲ್ಲವೆಂದು ನಾವು ಉತ್ತರ ಕೊಟ್ಟೆವು. ಆ ಉತ್ತರವು ತಪ್ಪು. ಅದನ್ನು ಕೇಳಿ ಹೋದ ಪೂರ್ವವಿದ್ಯಾರ್ಥಿನಿಯರ ಮುಂದೆ ಈಗ ತಿದ್ದಿ ಹೇಳುವುದು ನಮ್ಮ ಕರ್ತವ್ಯವಾಗಿದೆ.

೬೦೦ ಕಿಲೋಮೀಟರು ಎತ್ತರದಲ್ಲಿಯೂ ಭೂಮಿಯ ಸೆಳೆತವು ನೆಲದ ಮೇಲಿರುವುದರ ನೂರರಲ್ಲಿ ೮೦ ಪಾಲಿಗಿಂತ ಹೆಚ್ಚಾಗಿಯೇ ಇರುವುದು. ಉಪಗ್ರಹವು ಸದಾ ಬೀಳುತ್ತಲೇ ಇದೆ. ಅದು ಹೇಗೆಂಬುದನ್ನು ನೋಡೋಣ.

ಸೊಕ್ಕೆಯ ಹೊಲದಲ್ಲಿ ನಿಂತು ಕವಣೆಯಿಂದ ಕಲ್ಲನ್ನು ಬೀಸಿದರೆ, ವೇಗ ಹೆಚ್ಚಿದಷ್ಟೂ ಅದು ದೂರ ಹೋಗಿ ಬೀಳುವುದು. ಕೈಬಿಟ್ಟ ವಸ್ತುವು ಮೊದಲನೆಯ ಸೆಕೆಂಡಿನಲ್ಲಿ ಸುಮಾರು ೫ ಮೀಟರು ಇಳಿಯುವುದು. ಭೂಮಿಯು ಗುಂಡಗಿರುವುದರಿಂದ ಅದರ ಮೈಯೂ ಸುಮಾರು ೮ ಕಿಲೋಮೀಟರು ದೂರಕ್ಕೆ ೫ ಮೀಟರು ತಗ್ಗುವುದು. ಆದುದರಿಂದ ಸೆಕೆಂಡಿಗೆ ೮ ಕಿಲೋಮೀಟರು ವೇಗದಿಂದ ಅಡ್ಡಲಾಗಿ ಸಾಗುವ ವಸ್ತುವು ಬಿದ್ದಷ್ಟೇ ನೆಲವೂ ತಗ್ಗುತ್ತ ಹೋಗಿ, ಅದು ಭೂಮಿಯನ್ನು ಸುತ್ತುವುದು. ಆದರೆ ನೆಲದ ಬಳಿಯಲ್ಲಿ ವಾಯುವು ಅದನ್ನು ತಡೆಯುವುದು. ಅದಕ್ಕಾಗಿಯೇ ರಾಕೆಟ್ಟು ಮೊದಲು ನೆಟ್ಟಗೆ ಮೇಲೇರಿ, ಬರಿದಾದ ಇಂಧನಪಾತ್ರೆಗಳನ್ನು ಕಳಚುತ್ತ ಹಗುರಾಗಿ, ಕ್ರಮೇಣ ಅಡ್ಡಲಾಗಿ ತಿರುಗಿ ವೇಗವನ್ನು ಗಳಿಸುವುದು.

ನಮ್ಮ ನಾಡಿನ ನಿದರ್ಶನವೇ ಇದೆ. ಉಡುಪಿ ಸಮೀಪದ ಅದಮಾರಿನಲ್ಲಿ ಜನಿಸಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ, ಬೆಂಗಳೂರಿನ ಪೀಣ್ಯದಲ್ಲಿ ನಿರ್ಮಿತವಾದ ೩೬೦ ಕಿಲೋಗ್ರಾಂ ತೂಕದ ‘ಆರ್ಯಭಟ’ವು ೧೯೭೫ನೆಯ ಏಪ್ರಿಲ್ ೧೯ರಂದು ಸೋವಿಯೆತ್ ರಾಕೆಟ್ಟಿನ ಮೂಲಕ ಹಾರಿಸಲ್ಪಟ್ಟಿತು. ಸುಮಾರು ೬೦೦ ಕಿಲೋಮೀಟರು ಎತ್ತರದಲ್ಲಿ, ಸುಮಾರು ೯೬ ನಿಮಿಷಗಳಿಗೊಮ್ಮೆ ಅದು ಭೂಮಿಯನ್ನು ಸುತ್ತುತ್ತಿತ್ತು. ಕೆಲವೇ ದಿನಗಳಲ್ಲಿ ವಿದ್ಯುತ್ತಿನ ದೋಷದಿಂದ ಪ್ರಯೋಗಗಳು ನಿಂತುಹೋದವು. ಸುತ್ತುವಿಕೆ ಮಾತ್ರ ನಿಲ್ಲಲಿಲ್ಲ. ಏಕೆಂದರೆ ಅದಕ್ಕೆ ಯಂತ್ರಬಲವು ಬೇಕಿರಲಿಲ್ಲ. ಅಲ್ಲಿಯೂ ಇರುವ ಅತಿ ವಿರಳವಾದ ವಾಯುವು ಮೆಲ್ಲಮೆಲ್ಲನೆ ಅದನ್ನು ಇಳಿಸಿ, ೧೯೯೨ನೆಯ ಫೆಬ್ರುವರಿಯಲ್ಲಿ ಅದು ದಟ್ಟವಾದ ವಾಯುಮಂಡಲಕ್ಕೆ ಮರಳಿತು.

ಭೂಮಧ್ಯರೇಖೆಯ ಮೇಲೆ ೩೫,೭೮೬ ಕಿಲೋಮೀಟರು ಎತ್ತರದಲ್ಲಿ, ಭೂಮಿಯೊಡನೆ ಸಮವಾಗಿ ತಿರುಗುವ ಉಪಗ್ರಹಗಳಿಗೆ ವಾಯುವಿನ ತಡೆಯಿಲ್ಲ. ಆದರೆ ಸೂರ್ಯಚಂದ್ರರ ಸೆಳೆತವು ಅವನ್ನು ಕದಲಿಸುವುದು. ಹಾಸನದ ನಿಯಂತ್ರಣ ಕೇಂದ್ರದವರು ಆಗಾಗ ಅವುಗಳ ಕಿರುರಾಕೆಟ್ಟುಗಳನ್ನು ಉರಿಸಿ ಸ್ವಸ್ಥಾನಕ್ಕೆ ತರುವರು. ಆ ಇಂಧನವು ತೀರಿದರೆ ಉಪಗ್ರಹದ ಸೇವೆಯೂ ತೀರುವುದು.

ತಾಯಿತಂದೆಗಳೇ, ನಿಮ್ಮ ಹೆಣ್ಣುಮಕ್ಕಳು ಇಂಥ ಪ್ರಶ್ನೆ ಕೇಳಿದಾಗ ಗದರಿಸಿ ಸುಮ್ಮನಾಗಿಸಬೇಡಿರಿ. ತಿಳಿಯದಿದ್ದಲ್ಲಿ ತಿಳಿದವರಂತೆ ಉತ್ತರಿಸಲೂ ಬೇಡಿರಿ. ಆ ತಪ್ಪನ್ನು ಮಾಡಿದ ನಾವೇ ಇದನ್ನು ವಿನಯದಿಂದ ಅರಿಕೆ ಮಾಡುತ್ತೇವೆ.