ಬಲಗಡೆಯದು ಎಡಮುರಿ

ಅಳಿಯಾ, ಕೊಟ್ಟಿಗೆಯಲ್ಲಿ ಒರಗಿಸಿಟ್ಟಿದ್ದ ನಿಮ್ಮಪ್ಪನ ಹರ್ಕ್ಯುಲಿಸ್ ಹೊರಗೆ ತಂದಿದ್ದೀಯಂತೆ, ಅಕ್ಕ ಫೋನಿನಲ್ಲಿ ಹೇಳಿದಳು. ಟೈರು, ಟ್ಯೂಬು, ಬ್ರೇಕಿನ ರಬ್ಬರು ಎಲ್ಲ ಹೊಸದಾದರೂ ತುಳಿದಾಗ ಕೆಳಗಿನಿಂದ ‘ಕಟಕ್ ಕಟಕ್’ ಅನ್ನುತ್ತಿದೆಯಂತೆ. ಬಿ.ಬಿ., ಅಂದರೆ ಕ್ರ್ಯಾಂಕುಗಳ ಆಕ್ಸಲ್ ಕೂರುವ ಬಾಟಮ್ ಬ್ರ್ಯಾಕೆಟ್, ಬದಲಾಯಿಸಬೇಕು, ತಾನೇ ಬಿಚ್ಚುತ್ತೇನೆ ಅಂತ ಕೂತಿದ್ದಾನೆ ನೋಡು ಎಂದಳು. ಬಿಚ್ಚು, ಬೇಡ ಅನ್ನುವುದಿಲ್ಲ. ಆದರೆ ಸುತ್ತಿಗೆ ಎತ್ತುವ ಮೊದಲು ಇದನ್ನು ಓದು. ಸೈಕಲ್ಲಿನ ಆ ಒಂದು ಜಾಗದಲ್ಲಿ ನಾನು ಮಾಡಿಕೊಂಡಷ್ಟು ಎಡವಟ್ಟು ನಮ್ಮ ಮನೆಯಲ್ಲಿ ಇನ್ಯಾರೂ ಮಾಡಿಕೊಂಡಿಲ್ಲ.

ಮೊದಲನೆಯದಾಗಿ, ಸದ್ದು ಬಿ.ಬಿ.ಯದ್ದೇ ಎಂದು ನಿನಗೆ ಹೇಳಿದವರು ಯಾರು? ಚೈನು ಕಳಚಿ ಪಕ್ಕಕ್ಕೆ ಇಳಿಬಿಡು. ಎರಡೂ ಕ್ರ್ಯಾಂಕನ್ನು ಎರಡು ಕೈಯಲ್ಲಿ ಹಿಡಿದು ಅಡ್ಡಡ್ಡ ಅಲ್ಲಾಡಿಸು. ಎರಡೂ ಒಟ್ಟಿಗೆ ಅಲ್ಲಾಡಿದರೆ ಒಳಗಿನ ಆಕ್ಸಲ್ಲೋ ಗುಂಡುಗಳು ಕೂರುವ ಕಪ್ಪೋ ಸವೆದಿದೆ, ಇಲ್ಲವೇ ಬರೀ ಸಡಿಲವಾಗಿದೆ. ಎಡದ್ದನ್ನು ಗಟ್ಟಿಯಾಗಿ ಹಿಡಿದಾಗ ಬಲದ್ದೊಂದೇ ಆಡಿದರೆ ತಪ್ಪು ಕ್ರ್ಯಾಂಕನ್ನು ಆಕ್ಸಲ್ಲಿಗೆ ಬಿಗಿಯುವ ಕಾಟರ್ ಪಿನ್ನಿನದು. ಅದಕ್ಕೆ ಒಂದು ಕಾಫಿಯ ಖರ್ಚು ಸಾಕು. ಎರಡೂ ಅಲ್ಲದಿದ್ದರೆ ಪೆಡಲ್ಲನ್ನು ನೋಡು. ಮೂರರ ಸದ್ದೂ ಕಿವಿಗೆ ಒಂದೇ ತರಹ ಕೇಳಿಸುತ್ತದೆ. ಕಿವಿಯನ್ನು ನಂಬಿ ಬಿಚ್ಚಲು ಹೋದವನು ಇಡೀ ಸೈಕಲ್ ಬಿಚ್ಚುತ್ತಾನೆ.

ಬಿ.ಬಿ.ಯದ್ದೇ ಅಂತ ಆಯಿತು ಅಂದುಕೋ. ಹಿಂದಿನ ರಾತ್ರಿಯೇ ಕಾಟರ್ ಪಿನ್ನುಗಳಿಗೆ, ಎರಡೂ ಕಡೆಯ ಕಪ್ಪಿನ ಅಂಚಿಗೆ ಎಣ್ಣೆ ಬಿಟ್ಟು ಮಲಗು. ತುಕ್ಕು ಬಿಡಿಸುವ ಸ್ಪ್ರೇ ಸಿಕ್ಕರೆ ಒಳ್ಳೆಯದು. ಕೊಬ್ಬರಿ ಎಣ್ಣೆ ಮಾತ್ರ ಬೇಡ. ತಿಪಟೂರಿನವರಿಗೆ ತಲೆನೋವಿನಿಂದ ಬಾಗಿಲಿನ ಕೀಲಿನವರೆಗೆ ಎಲ್ಲಕ್ಕೂ ಅದೇ ಮದ್ದು, ಗೊತ್ತು. ನಿಮ್ಮಜ್ಜಿ ಬಿ.ಬಿ.ಯ ನೆತ್ತಿಯ ಮೇಲಿನ ಪುಟ್ಟ ಮುಚ್ಚಳ ಸರಿಸಿ ವರ್ಷಗಟ್ಟಲೆ ಅದನ್ನೇ ಹೊಯ್ದಿದ್ದಾರೆ. ಒಳಗೆ ಅದು ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿರುತ್ತದೆ, ನೋಡುವೆಯಂತೆ.

ಇನ್ನು ಕಾಟರ್ ಪಿನ್ನು. ನಟ್ಟನ್ನು ಪೂರ್ತಿ ತೆಗೆಯಬೇಡ, ಪಿನ್ನಿನ ತುದಿಗೆ ಸಮನಾಗುವಷ್ಟು ಮಾತ್ರ ಸಡಿಲಿಸು. ಪೆಟ್ಟು ನಟ್ಟಿನ ಮೇಲೂ ಹಂಚಿಹೋಗಿ ಪಿನ್ನಿನ ಥ್ರೆಡ್ ಉಳಿಯುತ್ತದೆ. ಕ್ರ್ಯಾಂಕಿನ ಕೆಳಗೆ ಒಂದು ಗಟ್ಟಿ ಕಬ್ಬಿಣದ ಪೈಪನ್ನು ನೆಲಕ್ಕೆ ಊರಿ ನಿಲ್ಲಿಸು, ಪಿನ್ನಿನ ತಲೆ ಆ ಪೈಪಿನೊಳಗೆ ಇಳಿಯುವಂತಿರಲಿ. ಆಸರೆ ಇಲ್ಲದೆ ಹೊಡೆದರೆ ಪೆಟ್ಟು ನೇರ ಒಳಗಿನ ಗುಂಡುಗಳಿಗೆ ಹೋಗಿ ಕಪ್ಪಿನಲ್ಲಿ ಕುಳಿ ಬೀಳುತ್ತದೆ. ಆಮೇಲೆ, ಒಂದೇ ಪೆಟ್ಟು, ಜೋರಾಗಿ. ಹೆದರಿಕೊಂಡು ಮೆಲ್ಲಗೆ ಕುಟ್ಟುತ್ತಾ ಹೋದೆಯೋ, ಪಿನ್ನಿನ ತುದಿ ಅಣಬೆಯ ಹಾಗೆ ಅರಳಿ ಯಾವತ್ತೂ ಹೊರಗೆ ಬರುವುದಿಲ್ಲ. ಮೃದುವಾಗಿರಬೇಕಾದ ಕಡೆ ಜೋರು, ಜೋರಿರಬೇಕಾದ ಕಡೆ ಮೃದು, ಇದು ನಿಮ್ಮಮ್ಮನ ಕಡೆಯವರ ರೋಗ. ನನಗೂ ಇದೆ.

ಎಡಗಡೆ ಮೊದಲು ಬಿಚ್ಚಬೇಕು. ಅಲ್ಲಿ ಕಪ್ಪಿನ ಸುತ್ತ ಒಂದು ಲಾಕ್ ರಿಂಗ್ ಇದೆ, ಆಮೇಲೆ ಕಪ್ಪು. ಎರಡೂ ಸಾಮಾನ್ಯ ನಟ್ಟಿನಂತೆ ಅಪ್ರದಕ್ಷಿಣೆಯಾಗಿ ಬಿಚ್ಚಿಕೊಳ್ಳುತ್ತವೆ. ಕೆಳಗೆ ಹಳೆಯ ಬಿಳಿ ಪಂಚೆಯೊಂದನ್ನು ಹಾಸಿಕೋ. ಒಂದು ಕಡೆಗೆ 11ರಂತೆ ಕಾಲು ಇಂಚಿನ 22 ಗುಂಡುಗಳು ಉದುರುತ್ತವೆ. ಕೊಟ್ಟಿಗೆಯ ನೆಲದಲ್ಲಿ ಉರುಳಿದ ಗುಂಡನ್ನು ಹುಡುಕುವುದು ರಾಗಿ ರಾಶಿಯಲ್ಲಿ ಸಾಸಿವೆ ಹುಡುಕಿದ ಹಾಗೆ. ಹೊಸ ಗುಂಡು ಹಾಕುವುದಾದರೂ ಹಳೆಯದನ್ನು ಎಣಿಸು. ಲೆಕ್ಕ ಕಡಿಮೆಯಾದರೆ ಉಳಿದದ್ದು ಫ್ರೇಮಿನ ಪೈಪಿನೊಳಗೆ ಹೊಕ್ಕಿರುತ್ತದೆ, ನಾಳೆ ಹೊಸ ಕಪ್ಪಿನ ಮೇಲೆ ಬಂದು ಬೀಳುತ್ತದೆ.

ಬಲಗಡೆಯ ಕಪ್ಪಿಗೆ ಬಂದರೆ, ನಾನು ಸೋತದ್ದೇ ಅಲ್ಲಿ. ಹದಿನೇಳು ವರ್ಷ ನನಗೆ. ನಮ್ಮಪ್ಪನ ಸೈಕಲ್ಲು. ಬೆಳಿಗ್ಗೆ ತಿಂಡಿಯಾದ ಮೇಲೆ ಕೂತವನು ಸ್ಪ್ಯಾನರ್ ಹಾಕಿ ಎಡಕ್ಕೆ ಎಳೆದೆ, ಬರಲಿಲ್ಲ. ಸ್ಪ್ಯಾನರಿಗೆ ಪೈಪು ತೂರಿಸಿ ಎಳೆದೆ, ಬರಲಿಲ್ಲ. ತಮ್ಮನನ್ನು ಫ್ರೇಮಿನ ಮೇಲೆ ಕೂರಿಸಿ ಕಾಲು ಕೊಟ್ಟು ಎಳೆದಾಗ ಸ್ಪ್ಯಾನರ್ ಜಾರಿ ಗೆಣ್ಣು ಚೈನ್‌ವೀಲಿನ ಹಲ್ಲಿಗೆ ಬಡಿಯಿತು. ಗುರುತು ಇವತ್ತಿಗೂ ಇದೆ, ಬಂದಾಗ ತೋರಿಸುತ್ತೇನೆ. ಸಂಜೆ ಸೈಕಲ್ ಶಾಪಿಗೆ ತಳ್ಳಿಕೊಂಡು ಹೋದೆ. ಅಲ್ಲಿದ್ದ ಮುದುಕರು ಬೀಡಿಯನ್ನೂ ಬಾಯಿಂದ ತೆಗೆಯದೆ ಸ್ಪ್ಯಾನರನ್ನು ಬಲಕ್ಕೆ ತಿರುಗಿಸಿದರು. ಬಂತು. ಬೆಳಿಗ್ಗೆಯಿಂದ ನಾನು ಅದನ್ನು ಬಿಚ್ಚುತ್ತಿರಲಿಲ್ಲ, ಬಿಗಿ ಮಾಡುತ್ತಿದ್ದೆ.

ಬಲಗಡೆಯ ಕಪ್ಪಿನ ಥ್ರೆಡ್ಡು ಎಡಮುರಿ. ಪ್ರದಕ್ಷಿಣೆ ಬಂದರೆ ಬಿಚ್ಚುತ್ತದೆ. ಸುಮ್ಮನೆ ಮಾಡಿದ್ದಲ್ಲ ಅದು. ನೀನು ತುಳಿಯುವಾಗ ಆಕ್ಸಲ್ ಒಂದು ದಿಕ್ಕಿಗೆ ತಿರುಗಿದರೆ, ಭಾರ ಹೊತ್ತು ಉರುಳುವ ಗುಂಡುಗಳು ಕಪ್ಪನ್ನು ಎದುರು ದಿಕ್ಕಿಗೆ ಕೂದಲೆಳೆಯಷ್ಟೇ ತಳ್ಳುತ್ತಾ ಇರುತ್ತವೆ. ಬಲಗಡೆ ಮಾಮೂಲಿ ಥ್ರೆಡ್ ಇದ್ದರೆ ದಿನ ಕಳೆದಂತೆ ಕಪ್ಪು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಇಟಲಿಯವರು ಎರಡೂ ಕಡೆ ಬಲಮುರಿಯನ್ನೇ ಇಟ್ಟುಕೊಂಡರು, ಅವರ ರೇಸಿಂಗ್ ಸೈಕಲ್ಲುಗಳ ಬಲ ಕಪ್ಪು ಸಡಿಲಾಗುವುದಕ್ಕೇ ಹೆಸರುವಾಸಿ. ನಮ್ಮದು ಇಂಗ್ಲಿಷರ ಪದ್ಧತಿ. 1949ರಲ್ಲಿ ಮದ್ರಾಸಿನ ಮುರುಗಪ್ಪ ಮನೆತನದವರು ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆ ಸೇರಿ ಟಿ.ಐ. ಸೈಕಲ್ಸ್ ಶುರುಮಾಡಿದಾಗ ಹರ್ಕ್ಯುಲಿಸ್ ಹೆಸರಿನ ಜೊತೆ ಈ ಎಡಮುರಿಯೂ ಅಂಬತ್ತೂರಿಗೆ ಬಂತು.

ಸರಿಯಾದ ದಿಕ್ಕಿಗೂ ಜಗ್ಗದಿದ್ದರೆ ಒಂದು ಉಪಾಯವಿದೆ. ದಪ್ಪ ಬೋಲ್ಟೊಂದನ್ನು ಹೊರಗಿನಿಂದ ಕಪ್ಪಿನ ತೂತಿಗೆ ತೂರಿಸಿ, ಎರಡೂ ಕಡೆ ವಾಷರ್ ಕೊಟ್ಟು, ಒಳಗಡೆ ನಟ್ಟು ಹಾಕಿ ಹಿಡಿದುಕೋ. ಬೋಲ್ಟಿನ ತಲೆಯನ್ನು ಪ್ರದಕ್ಷಿಣೆಯಾಗಿ ಬಿಗಿ ಮಾಡುತ್ತಾ ಹೋಗು. ಬಿಗಿದು ಬಿಗಿದು ಇನ್ನು ಬೋಲ್ಟು ತಿರುಗಲು ಜಾಗವಿಲ್ಲ ಎಂದಾಗ ಕಪ್ಪೇ ಅದರ ಜೊತೆ ತಿರುಗಿ ಹೊರಗೆ ಬರುತ್ತದೆ. ಬಿಗಿ ಮಾಡಿಯೇ ಬಿಚ್ಚುವ ಈ ಚಮತ್ಕಾರ ನೋಡಿದರೆ ನನಗೆ ಈಗಲೂ ಮಕ್ಕಳ ಹಾಗೆ ಖುಷಿಯಾಗುತ್ತದೆ.

ಅಷ್ಟಾದರೂ, ಆ ಕಪ್ಪನ್ನು ಬಿಚ್ಚಲೇಬೇಕಾ ಅಂತ ಮೊದಲು ನೋಡಿಕೋ. ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಟಾರ್ಚ್ ಬಿಟ್ಟು, ಗುಂಡು ಓಡುವ ದಾರಿಯ ಮೇಲೆ ರೀಫಿಲ್ ಮುಗಿದ ಬಾಲ್‌ಪೆನ್ನಿನ ಮೂತಿಯನ್ನು ಎಳೆ. ಕಣ್ಣಿಗೆ ಕಾಣದ ಕುಳಿಯೂ ಬೆರಳಿಗೆ ತಿಳಿಯುತ್ತದೆ. ನುಣ್ಣಗೆ ಹೋದರೆ ಕಪ್ಪು ಅಲ್ಲೇ ಇರಲಿ, ಇನ್ನೊಂದಿಷ್ಟು ವರ್ಷ ಬರುತ್ತದೆ. ‘ಎಲ್ಲ ಹೊಸದು ಹಾಕಿಬಿಡೋಣ’ ಅನ್ನುವುದು ದುಡ್ಡಿದ್ದವರ ಸೋಮಾರಿತನ. ಗುಂಡು ಮಾತ್ರ ಯಾವಾಗಲೂ ಹೊಸದು ಹಾಕು, ಅಲ್ಲಿ ಜಿಪುಣತನ ಬೇಡ.

ಸಾಮಾನು ತರಲು ಹೋಗುವಾಗ ಹಳೆಯ ಆಕ್ಸಲ್ಲು, ಕಪ್ಪು, ಪಿನ್ನು ಕಾಗದದಲ್ಲಿ ಸುತ್ತಿ ಜೊತೆಗಿಟ್ಟುಕೋ. ‘ಇಪ್ಪತ್ತೆರಡು ಇಂಚಿನ ಸೈಕಲ್ಲು’ ಎಂದು ಬಾಯಿಮಾತಿನಲ್ಲಿ ಕೇಳಿದರೆ ಅಂಗಡಿಯವನು ಕೈಗೆ ಸಿಕ್ಕಿದ್ದನ್ನು ಕೊಡುತ್ತಾನೆ. ಕೌಂಟರಿನ ಮೇಲೆ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಉದ್ದ ನೋಡು. ಆಕ್ಸಲ್ಲಿನ ಒಂದು ಕಡೆ ತುಸು ಉದ್ದವಿರುತ್ತದೆ, ಅದು ಚೈನ್‌ವೀಲಿನ ಕಡೆಗೆ. ಮನೆಗೆ ತಂದ ಮೇಲೆ ಹೊಸ ಕಪ್ಪನ್ನು ಫ್ರೇಮಿಗೆ ಕೈಯಲ್ಲೇ ಎರಡು ಸುತ್ತು ತಿರುಗಿಸಿ ನೋಡು, ಹೋಗದಿದ್ದರೆ ಬಲವಂತ ಮಾಡಬೇಡ. ನಿನ್ನ ಗೆಳೆಯರ ಮನೆಯಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾದ ಹಳೇ ರ್‍ಯಾಲಿ ಇದ್ದರೆ ಅವರಿಗೂ ಹೇಳು: ಬೇರೆ ಸೈಕಲ್ಲುಗಳಲ್ಲಿ ಇಂಚಿಗೆ 24 ಥ್ರೆಡ್ ಇದ್ದರೆ ಅದರಲ್ಲಿ 26. ನೋಡಲು ಒಂದೇ. ತೂರಿಸಲು ಹೋದರೆ ಫ್ರೇಮೇ ಕೆಡುತ್ತದೆ.

ಜೋಡಿಸುವುದು ನಿಧಾನದ ಕೆಲಸ. ಕಪ್ಪಿಗೆ ಧಾರಾಳವಾಗಿ ಗ್ರೀಸ್ ಮೆತ್ತಿ ಗುಂಡುಗಳನ್ನು ಒಂದೊಂದಾಗಿ ಕೂರಿಸು, ಗ್ರೀಸೇ ಹಿಡಿದುಕೊಳ್ಳುತ್ತದೆ. 11 ಆದ ಮೇಲೂ ಸ್ವಲ್ಪ ಜಾಗ ಕಾಣುತ್ತದೆ, ಇರಲಿ, ಹನ್ನೆರಡನೆಯದನ್ನು ತುರುಕಬೇಡ. ಎಡ ಕಪ್ಪನ್ನು ಆಕ್ಸಲ್ ಅಲ್ಲಾಡದಷ್ಟು ಬಿಗಿ ಮಾಡಿ, ಬೆರಳಲ್ಲೇ ತಿರುಗುವಷ್ಟು ಸಡಿಲ ಬಿಡು. ಲಾಕ್ ರಿಂಗ್ ಬಿಗಿ ಮಾಡಿದ ತಕ್ಷಣ ಅದೆಲ್ಲ ಕೆಡುತ್ತದೆ. ಮತ್ತೆ ಬಿಚ್ಚು, ಮತ್ತೆ ನೋಡು. ನನಗೆ ಇಂದಿಗೂ ನಾಲ್ಕನೇ ಸಲಕ್ಕೆ ಕೂರುವುದು.

ಕಾಟರ್ ಪಿನ್ನುಗಳು ಒಂದಕ್ಕೊಂದು ಉಲ್ಟಾ ಇರಬೇಕು. ಒಂದರ ನಟ್ಟು ಮೇಲಿದ್ದರೆ ಇನ್ನೊಂದರದ್ದು ಕೆಳಗೆ. ಒಂದೇ ಕಡೆಗೆ ಹಾಕಿದರೆ ಕ್ರ್ಯಾಂಕುಗಳು ಒಂದೇ ನೇರಕ್ಕೆ ನಿಲ್ಲದೆ, ತುಳಿಯುವಾಗ ಕುಂಟಿದಂತಾಗುತ್ತದೆ. ಹೊಸ ಪಿನ್ನಿನ ಚಪ್ಪಟೆ ಮುಖವನ್ನು ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ ಹೊಂದಿಸು, ಸುತ್ತಿಗೆಯಿಂದ ಒಳಗೆ ಕೂರಿಸು, ನಟ್ಟು ಬರೀ ಕಾವಲಿಗೆ. ನಟ್ಟಿನಿಂದಲೇ ಪಿನ್ನನ್ನು ಎಳೆದು ಕೂರಿಸುತ್ತೇನೆ ಎಂದರೆ ಥ್ರೆಡ್ ಕಿತ್ತು ಕೈಗೆ ಬರುತ್ತದೆ.

ಎಲ್ಲ ಮುಗಿದ ಮೇಲೆ ಕೆ.ಬಿ. ಕ್ರಾಸಿನವರೆಗೆ ಹೋಗು. ಅಲ್ಲಿ ಟೀ ಕುಡಿಯುವ ಮೊದಲು ಇಳಿದು ಪಿನ್ನುಗಳಿಗೆ ಇನ್ನೊಂದು ಪೆಟ್ಟು ಕೊಟ್ಟು ನಟ್ಟು ಬಿಗಿ ಮಾಡು, ಹೊಸ ಪಿನ್ನು ಅಷ್ಟು ದೂರಕ್ಕೇ ಸ್ವಲ್ಪ ಸಡಿಲಾಗಿರುತ್ತದೆ. ಸುತ್ತಿಗೆ, ಸ್ಪ್ಯಾನರ್ ಎರಡನ್ನೂ ಕ್ಯಾರಿಯರಿಗೆ ಕಟ್ಟಿಕೊಂಡೇ ಹೊರಡು. ಭಾವ ನೋಡಿ ನಗುತ್ತಾರೆ, ನಗಲಿ.