ಪರಮತಗಳ ಅಭ್ಯಾಸವು ವಿದ್ಯಾಪೀಠಗಳಲ್ಲಿ ನೆಲೆಗೊಂಡ ಬಗೆ

ಸಂತೆಯಲ್ಲಾಗಲಿ ದಾರಿಯಲ್ಲಾಗಲಿ ಒಬ್ಬನು ನಮ್ಮ ಮತದ ವಿಷಯವಾಗಿ ಇಲ್ಲದ್ದನ್ನು ಹೇಳಿದರೆ ನಮ್ಮ ಮನಸ್ಸು ನೋಯುವದು. ಆದರೆ ನಾವು ಅವನ ಮತದ ವಿಷಯವಾಗಿ ಆಡುವ ಮಾತು ನಿಜವೋ ಎಂದು ಎಂದಾದರೂ ವಿಚಾರಿಸಿದ್ದೇವೋ? ಒಂದೊಂದು ಮತವನ್ನು ಅದರ ಸ್ವಂತ ಗ್ರಂಥಗಳಿಂದಲೇ ಅರಿತು ಬೇರೆಯವುಗಳೊಂದಿಗೆ ಹೋಲಿಸಿ ನೋಡುವ ಒಂದು ವಿದ್ಯೆಯುಂಟು. ಅದು ಬೆಳೆದ ಬಗೆಯೇ ಈ ಪಾಠದ ವಿಷಯ.

1. ಆರಂಭ. ಜರ್ಮನಿಯಲ್ಲಿ ಹುಟ್ಟಿ ಆಕ್ಸ್‌ಫರ್ಡಿನಲ್ಲಿ ನೆಲೆಸಿದ ಮ್ಯಾಕ್ಸ್ ಮುಲ್ಲರ್ ಪಂಡಿತರು 1870ರಲ್ಲಿ ಲಂಡನಿನಲ್ಲಿ ಉಪನ್ಯಾಸಗಳನ್ನು ಮಾಡಿ, ಭಾಷೆಗಳನ್ನು ಹೋಲಿಸುವ ಹಾಗೆ ಮತಗಳನ್ನೂ ಹೋಲಿಸಬಹುದೆಂದು ತೋರಿಸಿದರು. ಅವರು 1879ರಲ್ಲಿ ಆರಂಭಿಸಿದ ಪೂರ್ವದೇಶಗಳ ಪವಿತ್ರಗ್ರಂಥಗಳ ಇಂಗ್ಲಿಷ್ ಭಾಷಾಂತರವು ಅವರ ಮರಣಾನಂತರ 1910ರಲ್ಲಿ 50 ಸಂಪುಟಗಳಾಗಿ ಮುಗಿಯಿತು.

2. ಹಾಲೆಂಡಿನ ಕಾನೂನು. ಆ ದೇಶದಲ್ಲಿ ಸಭಾಪಾಲಕರಾಗತಕ್ಕವರು ಸರಕಾರದ ವಿದ್ಯಾಪೀಠಗಳಲ್ಲಿ ಓದುತ್ತಿದ್ದರು. ಸರಕಾರವು ಎಲ್ಲಾ ಪ್ರಜೆಗಳದ್ದಾಗಿರುವಾಗ ಒಂದೇ ಸಭೆಯ ಉಪದೇಶವನ್ನು ಅದರ ಹಣದಿಂದ ಕಲಿಸಬಹುದೋ ಎಂಬ ಪ್ರಶ್ನೆ ಎದ್ದಿತು. 1876ರ ಕಾನೂನು ಒಂದು ನಡುದಾರಿಯನ್ನು ಕಂಡಿತು. ವಿಶ್ವಾಸೋಪದೇಶವನ್ನೂ ಸಭಾಪಾಲನೆಯನ್ನೂ ಸಭೆ ನೇಮಿಸಿದವರು ಕಲಿಸತಕ್ಕದ್ದು. ಮತಗಳ ಚರಿತ್ರೆಯನ್ನು ಸರಕಾರದ ಉಪಾಧ್ಯಾಯರು ಕಲಿಸತಕ್ಕದ್ದು. ಹೀಗೆ 1877ರಲ್ಲಿ ಲೈಡನ್ ಪಟ್ಟಣದ ಪೀಠವು ಕೊರ್ನೇಲಿಯಸ್ ತೀಲೆ ಎಂಬವರಿಗೆ ದೊರೆಯಿತು. ಇವರು ಮೊದಲು ಹಳ್ಳಿಯ ಸಭಾಪಾಲಕರಾಗಿದ್ದು, ಆಮೇಲೆ ರೋಟರ್ಡಾಮಿನಲ್ಲಿ ಸಭೆಯನ್ನು ನೋಡಿಕೊಳ್ಳುತ್ತಲೇ 1864ರಲ್ಲಿ ಜರತುಷ್ಟ್ರನ ಮತದ ಮೇಲೆ ಪುಸ್ತಕ ಬರೆದವರು. ತರುವಾಯ ಪ್ಯಾರಿಸಿನಲ್ಲಿ 1880ರಲ್ಲಿಯೂ ಮ್ಯಾಂಚೆಸ್ಟರಿನಲ್ಲಿ 1904ರಲ್ಲಿಯೂ ಇಂಥ ಪೀಠಗಳಾದವು. 1967ರಲ್ಲಿ ಲ್ಯಾಂಕಾಸ್ಟರಿನಲ್ಲಿ ಯಾವ ಸಭೆಗೂ ಸೇರದ ಒಂದು ವಿಭಾಗವೇ ಏರ್ಪಟ್ಟಿತು.

3. ಆಕ್ಷೇಪಣೆ. 1901ರಲ್ಲಿ ಬರ್ಲಿನಿನ ಹಾರ್ನಾಕ್ ಪಂಡಿತರು, ದೈವಜ್ಞಾನದ ಶಾಲೆಗಳಲ್ಲಿ ಇಂಥ ಪೀಠಗಳು ಬೇಡವೆಂದು ವಾದಿಸಿದರು. ಯಾಕಂದರೆ ಜನರ ಭಾಷೆಯನ್ನೂ ಚರಿತ್ರೆಯನ್ನೂ ಬಿಟ್ಟು ಅವರ ಮತವನ್ನು ಅರಿಯಲಾಗದು. ಎಲ್ಲವನ್ನೂ ಮೇಲೆ ಮೇಲೆ ಕಲಿತವನು ಒಂದನ್ನೂ ಆಳವಾಗಿ ತಿಳಿಯನು ಎಂದರು. ಆದಾಗ್ಯೂ 1910ರಲ್ಲಿ ಬರ್ಲಿನಿನಲ್ಲಿಯೂ ಪೀಠವಾಯಿತು. ಆದರೂ ಅವರ ಎಚ್ಚರಿಕೆಯನ್ನು ತಳ್ಳಿಬಿಡಬಾರದು. ಕೆರೆಯ ದಡದಲ್ಲಿ ಕಾಲು ತೊಳೆದವನು ಅದರ ಆಳವನ್ನು ಹೇಳಬಲ್ಲನೋ?

4. ನಮ್ಮ ನಾಡು. ಆ ಪೀಠಗಳೆಲ್ಲಕ್ಕೂ ಮುಂಚೆಯೇ ಮೋಗ್ಲಿಂಗ್ ಅಯ್ಯನವರು ಮಂಗಳೂರಿನಲ್ಲಿ 1848ರಿಂದ 1853ರ ವರೆಗೆ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದ ಕನ್ನಡ ಗ್ರಂಥಗಳನ್ನು ಅಚ್ಚು ಹಾಕಿಸಿದರು. ಸುವಾರ್ತೆ ಸಾರಲು ಬಂದವರು ನೆರೆಯವರ ಗ್ರಂಥಗಳನ್ನು ಮೊದಲು ಓದಿದರು. ಅದರಿಂದ ಅವರ ನಂಬಿಕೆ ಕುಂದಲಿಲ್ಲ.

ಪರಮತವನ್ನು ತಿಳಿದರೆ ನಂಬಿಕೆ ಸಡಿಲವಾದೀತೆಂದು ಕೆಲವರು ಅಂಜುತ್ತಾರೆ. ಅರಿಯದೆ ದೂಷಿಸುವದು ಸುಳ್ಳುಸಾಕ್ಷಿಯೆಂಬದಕ್ಕೆ ಹೆಚ್ಚಾಗಿ ಅಂಜತಕ್ಕದ್ದು. ಪೌಲನು ಅಥೇನೆಯಲ್ಲಿ ಮಾತಾಡುವದಕ್ಕೆ ಮುಂಚೆ ಅವರ ಪೂಜಾಸ್ಥಾನಗಳನ್ನು ಲಕ್ಷ್ಯವಿಟ್ಟು ನೋಡಿದನಲ್ಲವೇ?

ವಿಚಾರಿಸತಕ್ಕ ಪ್ರಶ್ನೆಗಳು: 1876ರ ಕಾನೂನು ಯಾವ ಕಷ್ಟವನ್ನು ಪರಿಹರಿಸಿತು? ಹಾರ್ನಾಕರ ಮಾತಿನಲ್ಲಿ ಸತ್ಯವಾದದ್ದೇನು? ನಮ್ಮ ನೆರೆಯವನ ಮತದ ವಿಷಯವಾಗಿ ನಾವು ಅವನನ್ನೇ ಕೇಳಿ ತಿಳಿದದ್ದು ಎಷ್ಟು?